ವರ್ಣೋತ್ಪತ್ತಿ ವಿಚಾರವೂ ದೇವನೂರು ಸೀಮೆಯ ಉಚ್ಚಾರಣೆಯೂ

ಸರ್ಕಾರದ ಪಾಠಶಾಲೆಗಳು ಹರಡುವುದಕ್ಕೆ ಮುಂಚೆ ಮೈಸೂರು ಸೀಮೆಯ ಕೂಲಿಮಠಗಳಲ್ಲಿ ಬಾಲಕರು ಐಗಳ ಮುಂದೆ ಸಾಲಾಗಿ ಕುಳಿತು, ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುತ್ತ, ಕ ಖ ಗ ಘ ಙ ಎಂದು ಒಕ್ಕೊರಲಿನಿಂದ ಕೂಗುತ್ತಿದ್ದರು. ಹಾಗೆ ಕೂಗುತ್ತಿದ್ದ ಬಾಲಕನು ತನ್ನ ಬಾಯೊಳಗೇ ಒಂದು ಯಾತ್ರೆಯನ್ನು ನಡೆಸುತ್ತಿದ್ದನೆಂಬುದನ್ನು ಅವನಿಗೆ ಹೇಳುವವರು ವಿರಳವಾಗಿದ್ದರು. ಕವರ್ಗವನ್ನು ಹೇಳುವಾಗ ನಾಲಗೆಯ ಬುಡವು ಮೇಲೆದ್ದು ಕಿರುನಾಲಗೆಯ ಬಳಿಯ ಮೆತ್ತನೆಯ ಅಂಗುಳನ್ನು ಮುಟ್ಟುವುದು. ಚವರ್ಗದಲ್ಲಿ ನಾಲಗೆಯ ನಡುಭಾಗವು ಗಟ್ಟಿಯಾದ ಅಂಗುಳಿಗೆ ತಾಗುವುದು. ಟವರ್ಗದಲ್ಲಿ ನಾಲಗೆಯ ತುದಿಯು ಹಿಂದಕ್ಕೆ ಮಡಿಸಿ ಬಾಯ ಮೇಲ್ಛಾವಣಿಯನ್ನು ಒತ್ತುವುದು. ತವರ್ಗದಲ್ಲಿ ಅದೇ ತುದಿಯು ಹಲ್ಲಿನ ಹಿಂಬದಿಗೆ ಬರುವುದು. ಪವರ್ಗದಲ್ಲಿ ನಾಲಗೆಯು ಸುಮ್ಮನಿದ್ದು ತುಟಿಗಳೆರಡೂ ಕೂಡುವುವು. ಒಳಗಿನಿಂದ ಹೊರಗಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದುಬರುವ ಈ ಕ್ರಮವು ಆಕಸ್ಮಿಕವಾದುದಲ್ಲ. ಇಂಗ್ಲಿಷಿನ ಅಕ್ಷರಮಾಲೆಯಲ್ಲಿ ತುಟಿಯ ಅಕ್ಷರದ ಪಕ್ಕದಲ್ಲಿ ಹಲ್ಲಿನದು, ಅದರ ಪಕ್ಕದಲ್ಲಿ ಸ್ವರ, ಹೀಗೆ ಯಾವ ನಿಯಮವೂ ಕಾಣುವುದಿಲ್ಲ. ಕನ್ನಡದ ವರ್ಣಮಾಲೆಯಾದರೋ ಮನುಷ್ಯನ ಬಾಯಿಯ ಒಂದು ನಕಾಶೆಯೇ ಆಗಿರುವುದು.

ವರ್ಗದೊಳಗಿನ ಐದು ಅಕ್ಷರಗಳ ಕ್ರಮದಲ್ಲಿಯೂ ಇಂಥದೇ ವಿವೇಕವುಂಟು. ಪಕಾರವನ್ನೂ ಬಕಾರವನ್ನೂ ಹೇಳುವಾಗ ತುಟಿಗಳು ಮಾಡುವ ಕೆಲಸವು ಒಂದೇ, ಭೇದವಿರುವುದು ಗಂಟಲಿನಲ್ಲಿ. ಶ್ವಾಸನಾಳದ ಮೇಲ್ತುದಿಯಲ್ಲಿರುವ ಧ್ವನಿಪೆಟ್ಟಿಗೆಯೊಳಗೆ ಎರಡು ಮಡಿಕೆಗಳಿರುವುವು. ಇವು ಅಗಲವಾಗಿ ತೆರೆದಿದ್ದರೆ ಉಸಿರು ಸದ್ದಿಲ್ಲದೆ ಹಾಯ್ದುಹೋಗುವುದು. ಸಮೀಪಕ್ಕೆ ಬಂದಿದ್ದರೆ ಉಸಿರಿನ ವೇಗದಿಂದ ಅದುರುವುವು. ಗಂಡಸರಲ್ಲಿ ಈ ಅದುರುವಿಕೆಯು ಸೆಕೆಂಡಿಗೆ ಸುಮಾರು 120 ಸಲವೂ ಹೆಂಗಸರಲ್ಲಿ 200ಕ್ಕೆ ಮಿಕ್ಕೂ ಆಗುವುದು. ಅದುರಿದರೆ ಘೋಷ, ಅದುರದಿದ್ದರೆ ಅಘೋಷ. ಗಂಟಲಿನ ಗಡ್ಡೆಯ ಮೇಲೆ ಬೆರಳಿಟ್ಟು ಸಕಾರವನ್ನು ಎಳೆದು, ತರುವಾಯ ಮಕಾರವನ್ನು ಎಳೆದು ನೋಡಿದರೆ ಹಳ್ಳಿಯ ಮಗುವಿಗೂ ಈ ಭೇದವು ಬೆರಳಿಗೆ ತಿಳಿಯುವುದು. ಅಂಗೈಯನ್ನು ಬಾಯ ಮುಂದೆ ಹಿಡಿದು ಪಕಾರ ಫಕಾರಗಳನ್ನು ಹೇಳಿದರೆ ಮಹಾಪ್ರಾಣವೆಂದರೇನೆಂಬುದು ಅಂಗೈಗೆ ತಾಗುವ ಉಸಿರಿನಿಂದ ಗೊತ್ತಾಗುವುದು. ಮೂಗನ್ನು ಹಿಡಿದು ಮಕಾರವನ್ನು ಎಳೆಯಲು ಹೊರಟರೆ ಅದು ಅಲ್ಲಿಯೇ ನಿಂತುಬಿಡುವುದು.

ಈ ವಿವರಗಳನ್ನು ಭಾರತದ ಪ್ರಾಚೀನರು ಯಂತ್ರಸಹಾಯವಿಲ್ಲದೆ ಕಂಡುಕೊಂಡಿದ್ದರು. ವೇದಪಾಠವು ಒಂದು ಮಾತ್ರೆಯೂ ಕೆಡಬಾರದೆಂಬ ಎಚ್ಚರದಿಂದ ಹುಟ್ಟಿದ ಶಿಕ್ಷಾಗ್ರಂಥಗಳೂ ಪ್ರಾತಿಶಾಖ್ಯಗಳೂ ಸ್ಥಾನ, ಪ್ರಯತ್ನ, ಪ್ರಾಣಗಳನ್ನು ಬೇರೆಬೇರೆಯಾಗಿ ಹೇಳುವುವು. ಎದೆ, ಕಂಠ, ತಲೆ, ನಾಲಗೆಯ ಬುಡ, ಹಲ್ಲು, ಮೂಗು, ತುಟಿ, ತಾಲು ಎಂದು ಪಾಣಿನೀಯ ಶಿಕ್ಷೆಯು ಎಂಟು ಸ್ಥಾನಗಳನ್ನು ಎಣಿಸಿದೆ. ಕಂಠವು ಮುಚ್ಚಿಕೊಂಡಿದ್ದರೆ ನಾದ, ತೆರೆದಿದ್ದರೆ ಶ್ವಾಸ ಎಂಬುದನ್ನು ಪ್ರಾತಿಶಾಖ್ಯಕಾರರು ಅರಿತಿದ್ದರು. ಯೂರೋಪಿನಲ್ಲಿ ಈ ಮಡಿಕೆಗಳನ್ನು ಜೀವಂತ ಮನುಷ್ಯನ ಗಂಟಲಲ್ಲಿ ಕಂಡು ವಿವರಿಸಿದವನು ಮಾನ್ಯುಯೆಲ್ ಗಾರ್ಸಿಯಾ ಎಂಬ ಸಂಗೀತೋಪಾಧ್ಯಾಯನು. ಆತನು ಚಿಕ್ಕದೊಂದು ಕನ್ನಡಿಯನ್ನು ತನ್ನ ಬಾಯೊಳಕ್ಕೆ ಇಳಿಸಿ, ತಾನು ಹಾಡುವುದನ್ನು ತಾನೇ ನೋಡಿ, 1855ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಅರಿಕೆಮಾಡಿದನು. ಅಮೆರಿಕೆಯ ವಿಟ್ನಿ ಎಂಬ ಪಂಡಿತನು 1862ರಲ್ಲಿ ಅಥರ್ವವೇದದ ಪ್ರಾತಿಶಾಖ್ಯವನ್ನು ಭಾಷಾಂತರದೊಡನೆ ಪ್ರಕಟಿಸಿದ ಮೇಲೆ ಪಾಶ್ಚಾತ್ಯರ ಧ್ವನಿಶಾಸ್ತ್ರವು ಈ ಹಳೆಯ ಭಂಡಾರದಿಂದ ಬಹಳವಾಗಿ ಪಡೆದುಕೊಂಡಿತು.

ಕನ್ನಡ ವೈಯಾಕರಣರಲ್ಲಿ ಶಬ್ದವು ಹುಟ್ಟುವ ಬಗೆಯನ್ನು ಮನಸ್ಸಿಟ್ಟು ಹೇಳಿದವನು ಕೇಶಿರಾಜ. ಹೊಯ್ಸಳರ ಕಾಲದಲ್ಲಿ, ಸುಮಾರು ಕ್ರಿ. ಶ. 1260ರಲ್ಲಿ, ಶಬ್ದಮಣಿದರ್ಪಣವನ್ನು ರಚಿಸಿದ ಈತನು ಸೂಕ್ತಿಸುಧಾರ್ಣವವನ್ನು ಸಂಗ್ರಹಿಸಿದ ಮಲ್ಲಿಕಾರ್ಜುನನ ಮಗನು, ಜನ್ನಕವಿಗೆ ಸೋದರಳಿಯನು. ಜೀವನ ಇಚ್ಛೆಯಿಂದ ಅನುಕೂಲವಾದ ವಾಯುವು ಎದ್ದು ನಾಭಿಯ ಮೂಲದಲ್ಲಿ ಕಹಳೆಯಂತೆ ಶಬ್ದದ್ರವ್ಯವು ಹುಟ್ಟುವುದೆಂದೂ ಅದರ ಬಣ್ಣ ಬಿಳುಪೆಂದೂ ಈತನ ಮತ. ಶಬ್ದಕ್ಕೆ ಬಣ್ಣವೆಲ್ಲಿಯದೆಂದು ಇಂದಿನ ಓದುಗನು ನಗಬಹುದು. ಆದರೆ ನಗುವುದಕ್ಕೆ ಮೊದಲು ಆತನು ಜೈನನೆಂಬುದನ್ನು ನೆನೆಯಬೇಕು. ಜೈನದರ್ಶನದಲ್ಲಿ ಶಬ್ದವು ಪುದ್ಗಲದ್ರವ್ಯದ ಒಂದು ಅವಸ್ಥೆ; ದ್ರವ್ಯವೆಂದ ಮೇಲೆ ರೂಪವೂ ಇರಲೇಬೇಕು. ನೈಯಾಯಿಕರು ಶಬ್ದವನ್ನು ಆಕಾಶದ ಗುಣವೆಂದರು. ಈಗಿನ ವಿಜ್ಞಾನವು ಅದನ್ನು ಗಾಳಿಯಲ್ಲಿ ಹರಡುವ ಕಂಪನವೆನ್ನುವುದರಿಂದ ಇಬ್ಬರ ಮಾತೂ ಅಕ್ಷರಶಃ ನಿಂತಿಲ್ಲ. ಹಾಗಾದರೂ ಕಹಳೆಯ ಉಪಮಾನವು ಅಸಾಮಾನ್ಯವಾದುದು. ಕಹಳೆಯನ್ನು ಊದುವವನ ತುಟಿಗಳು ಅದುರುವಂತೆ ಗಂಟಲ ಮಡಿಕೆಗಳು ಅದುರುವುವು. ಕಹಳೆಯ ಕೊಳವೆಯು ಆ ಅದುರಿಗೆ ನಾದವನ್ನು ಕೊಡುವಂತೆ ಬಾಯಿ ಮೂಗುಗಳ ಪೊಳ್ಳು ಅದಕ್ಕೆ ಸ್ವರಭೇದವನ್ನು ಕೊಡುವುದು. ಮೂಲವನ್ನು ನಾಭಿಯಲ್ಲಿಟ್ಟುದನ್ನು ಬಿಟ್ಟರೆ ಹೋಲಿಕೆಯು ಸರಿಯಾದ ಜಾಡಿನಲ್ಲಿಯೇ ಇದೆ.

ಕೇಶಿರಾಜನ ನಿಜವಾದ ಹಿರಿಮೆಯು ತತ್ತ್ವವಿಚಾರದಲ್ಲಲ್ಲ, ಆತನ ಕಿವಿಯಲ್ಲಿ. ಸಂಸ್ಕೃತದ ವರ್ಣಗಳಿಗೆ ಕನ್ನಡದ ಐದು ದೇಸಿ ವರ್ಣಗಳನ್ನು ಕೂಡಿಸಿ, ಅವುಗಳಲ್ಲಿ ಕನ್ನಡಕ್ಕೆ ಸಲ್ಲದ ಹತ್ತನ್ನು ಕಳೆದು, ಅಚ್ಚಗನ್ನಡದ ವರ್ಣಗಳು 47 ಎಂದು ಲೆಕ್ಕಹಾಕಿದನು. ಕಳೆದುಹಾಕಿದವುಗಳಲ್ಲಿ ಋಕಾರವೂ ಶಕಾರ ಷಕಾರಗಳೂ ಸೇರಿರುವುವು. ಕೂಡಿಸಿದ ಐದರಲ್ಲಿ ಹ್ರಸ್ವವಾದ ಎ, ಒ ಎರಡು. ಮಿಕ್ಕವು ಕುಳವೆಂಬ ಳ, ಶಕಟರೇಫವೆಂಬ ಱ, ರಳವೆಂಬ ೞ. ಕಡೆಯ ಎರಡರ ಕಥೆಯು ಕನ್ನಡಿಗರ ನಾಲಗೆಯು ಕಾಲಕ್ರಮದಲ್ಲಿ ಹೇಗೆ ಬದಲಾಯಿತೆಂಬುದಕ್ಕೆ ಸಾಕ್ಷಿಯಾಗಿರುವುದು.

ಳಕಾರದಲ್ಲಿ ನಾಲಗೆಯ ತುದಿಯು ಹಿಂದಕ್ಕೆ ಮಡಿಸಿ ಅಂಗುಳನ್ನು ಮುಟ್ಟುವುದು, ಉಸಿರು ನಾಲಗೆಯ ಎರಡು ಪಕ್ಕಗಳಿಂದ ಹೊರಬರುವುದು. ೞಕಾರದಲ್ಲಿ ತುದಿಯು ಹಾಗೆಯೇ ಮಡಿಸಿದರೂ ಮುಟ್ಟುವುದಿಲ್ಲ. ಮುಟ್ಟದೆ ಉಳಿದ ಸಂದಿಯಲ್ಲಿ ಉಸಿರು ನುಸುಳುವುದು. ತಮಿಳರೂ ಮಲೆಯಾಳಿಗಳೂ ಇಂದಿಗೂ ಇದನ್ನು ಉಳಿಸಿಕೊಂಡಿದ್ದಾರೆ; ತಮಿಳೆಂಬ ಹೆಸರಿನ ಕಡೆಯ ವ್ಯಂಜನವೇ ಅದು. ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಎಂ. ಎಚ್. ಕೃಷ್ಣರವರು 1936ರಲ್ಲಿ ಗುರುತಿಸಿದ, ಸುಮಾರು ಕ್ರಿ. ಶ. 450ರದೆಂದು ಎಣಿಸಲ್ಪಟ್ಟ ಶಾಸನದಲ್ಲಿ ಕತ್ತಿಯನ್ನು ತೊಳೆಯುವ ಕ್ರಿಯೆಯ ಹೆಸರಿನಲ್ಲಿ ದಾನವಿತ್ತುದನ್ನು ಹೇಳುವಾಗ ಬಾಳ್ಗೞ್ಚು ಎಂಬ ಮಾತು ಬಂದಿದೆ. ಬಾಳ್ ಎಂಬ ಕತ್ತಿಗೆ ಕುಳ, ಕೞ್ಚು ಎಂಬ ತೊಳೆಯುವಿಕೆಗೆ ರಳ. ಎರಡೂ ಒಂದೇ ಪದದಲ್ಲಿ ಒತ್ತೊತ್ತಾಗಿ ನಿಂತಿವೆ. ಆ ಕಾಲದ ಕನ್ನಡಿಗನ ಕಿವಿಗೆ ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಆಳ್ ಎಂದರೆ ಸೇವಕ, ಆೞ್ ಎಂದರೆ ಮುಳುಗು. ಒಂದನ್ನು ಇನ್ನೊಂದೆಂದು ಆತನು ಭ್ರಮಿಸುತ್ತಿರಲಿಲ್ಲ.

ಹತ್ತು ಹನ್ನೊಂದನೆಯ ಶತಮಾನಗಳ ಶಾಸನಗಳಲ್ಲಿ ಕಂಡರಣೆಗಾರರ ಕೈ ತಪ್ಪಲು ತೊಡಗಿತು. ಕೈ ತಪ್ಪಿತೆನ್ನುವುದಕ್ಕಿಂತ ಬಾಯಲ್ಲಿ ಇಲ್ಲದುದನ್ನು ಕೈ ಬರೆಯಲಾರದೆ ಹೋಯಿತೆನ್ನುವುದೇ ಸರಿ. ಸ್ವರಗಳ ನಡುವಣ ರಳವು ಳಕಾರವಾಯಿತು: ಮೞೆ ಮಳೆಯಾಯಿತು, ಕೋೞಿ ಕೋಳಿಯಾಯಿತು, ಬಾೞೆ ಬಾಳೆಯಾಯಿತು. ವ್ಯಂಜನದ ಹಿಂದಿದ್ದ ರಳವು ಮೊದಲು ರಕಾರವಾಗಿ ತರುವಾಯ ಮುಂದಿನ ವ್ಯಂಜನದಲ್ಲಿ ಕರಗಿತು: ಪೊೞ್ತು ಪೊರ್ತಾಗಿ ಕಡೆಗೆ ಹೊತ್ತಾಯಿತು. ಏಳು ಎಂಬುದರ ಭೂತರೂಪವು ಎದ್ದು ಎಂದೇಕೆ, ಬೀಳು ಎಂಬುದರದು ಬಿದ್ದು ಎಂದೇಕೆ ಎಂದು ಶಾಲೆಯ ಹುಡುಗನು ಕೇಳಿದರೆ ಅಪವಾದವೆಂದು ಹೇಳಿ ಬಾಯಿ ಮುಚ್ಚಿಸುವುದುಂಟು. ಅದು ಅಪವಾದವಲ್ಲ, ಎೞ್ದು ಎರ್ದಾಗಿ ಎದ್ದಾದುದು, ಬಿೞ್ದು ಬಿರ್ದಾಗಿ ಬಿದ್ದಾದುದು. ಸತ್ತ ಧ್ವನಿಯೊಂದು ಉಳಿದವರ ನಡತೆಯಲ್ಲಿ ತನ್ನ ಗುರುತನ್ನು ಬಿಟ್ಟುಹೋಗಿರುವುದು. ಕೇಶಿರಾಜನು ರಳವಿರುವ ಶಬ್ದಗಳನ್ನು ಪಟ್ಟಿಮಾಡಿ ಕೊಟ್ಟಿರುವುದೇ ಅದು ಆತನ ಕಾಲಕ್ಕೆ ಜನರ ಬಾಯಿಂದ ಜಾರಿಹೋಗಿತ್ತೆಂಬುದಕ್ಕೆ ಸಾಕ್ಷಿಯೆಂದು ವಿದ್ವಾಂಸರು ತೀರ್ಮಾನಿಸಿದ್ದಾರೆ. ಬಾಯಲ್ಲಿ ಆಡುವ ಧ್ವನಿಗೆ ಪಟ್ಟಿ ಬೇಕಿಲ್ಲವಷ್ಟೆ. ಶಕಟರೇಫವು ಇದಕ್ಕಿಂತ ಹೆಚ್ಚು ಕಾಲ ಬದುಕಿತು. ಕರೆ ಎಂದರೆ ಕೂಗು, ಕಱೆ ಎಂದರೆ ಹಾಲು ಹಿಂಡು ಎಂಬ ಭೇದವನ್ನು ಕವಿಗಳು ಆದಿಪ್ರಾಸದಲ್ಲಿ ಬಹುಕಾಲ ಕಾಪಾಡಿದರು. ಕಡೆಗೆ ಅದೂ ಹೋಯಿತು.

ಇವೆರಡಕ್ಕಿಂತ ದೊಡ್ಡದಾದ ಇನ್ನೊಂದು ಪರಿವರ್ತನೆಯು ತುಟಿಯಲ್ಲಿ ನಡೆಯಿತು. ಹಲ್ಮಿಡಿಯ ಶಾಸನದಲ್ಲಿ ಆ ಊರಿನ ಹೆಸರು ಪಲ್ಮಡಿ ಎಂದಿದೆ. ಹಳಗನ್ನಡದಲ್ಲಿ ಮಾತಿನ ಮೊದಲಲ್ಲಿದ್ದ ಪಕಾರವು ಸುಮಾರು ಹತ್ತನೆಯ ಶತಮಾನದಿಂದ ಮೊದಲುಗೊಂಡು ಕೆಲವು ಶತಮಾನಗಳಲ್ಲಿ ಹಕಾರವಾಯಿತು. ಪಾಲ್ ಹಾಲಾಯಿತು, ಪೂ ಹೂವಾಯಿತು, ಪಳ್ಳಿ ಹಳ್ಳಿಯಾಯಿತು. ತಮಿಳರಲ್ಲಿ ಹಾಲಿಗೆ ಪಾಲ್ ಎಂದೂ ತೆಲುಗರಲ್ಲಿ ಪಾಲು ಎಂದೂ ಇಂದಿಗೂ ಇರುವಾಗ ಕನ್ನಡದ ತುಟಿಗಳು ಮಾತ್ರ ಸಡಿಲವಾದುವು. ಪಕಾರಕ್ಕೆ ತುಟಿಗಳೆರಡೂ ಬಿಗಿಯಾಗಿ ಮುಚ್ಚಬೇಕು. ಬಿಗಿಯು ಸ್ವಲ್ಪ ಸಡಿಲಿದರೆ ಮುಚ್ಚುವುದರ ಬದಲು ಸಂದಿಯುಳಿದು ಉಸಿರು ಸೀಟುವುದು, ಆ ಸಂದಿಯೂ ಅಗಲವಾದರೆ ತುಟಿಯ ಕೆಲಸವೇ ಇಲ್ಲದೆ ಗಂಟಲಿನ ಉಸಿರು ಮಾತ್ರ ನಿಲ್ಲುವುದು, ಅದೇ ಹಕಾರ. ಎಲ್ಲಿ ಪಕಾರವು ಒತ್ತಾಗಿತ್ತೋ ಅಲ್ಲಿ ಬಿಗಿಯು ಬಲವಾಗಿದ್ದುದರಿಂದ ಅದು ಸಡಿಲಲಿಲ್ಲ: ಅಪ್ಪ ಅಪ್ಪನಾಗಿಯೇ ಉಳಿದನು, ತಪ್ಪು ತಪ್ಪಾಗಿಯೇ ಉಳಿಯಿತು. ಪುಸ್ತಕ, ಪೂಜೆ ಮೊದಲಾಗಿ ಸಂಸ್ಕೃತದಿಂದ ಬಂದ ಮಾತುಗಳಲ್ಲಿಯೂ ಪಕಾರವು ನಿಂತಿತು.

ಸಂಖ್ಯಾವಾಚಕಗಳಲ್ಲಿ ಇದರ ಸೊಗಸನ್ನು ಯಾರಾದರೂ ನೋಡಬಹುದು. ಪತ್ತು ಹತ್ತಾಯಿತು. ಆದರೆ ಇಪ್ಪತ್ತಿನಲ್ಲಿಯೂ ಎಪ್ಪತ್ತಿನಲ್ಲಿಯೂ ಆ ಹಳೆಯ ಪತ್ತು ಒತ್ತಿನ ಆಶ್ರಯದಲ್ಲಿ ಅಡಗಿ ಕುಳಿತಿದೆ. ಮೂವತ್ತು ಐವತ್ತುಗಳಲ್ಲಿ ಅದು ವಕಾರದ ವೇಷವನ್ನೂ ಎಂಬತ್ತು ತೊಂಬತ್ತುಗಳಲ್ಲಿ ಅನುನಾಸಿಕದ ಸಹವಾಸದಿಂದ ಬಕಾರದ ವೇಷವನ್ನೂ ತೊಟ್ಟಿದೆ. ಸಂತೆಯಲ್ಲಿ ತೆಂಗಿನಕಾಯಿ ಎಣಿಸುವವನು ಒಂದರಿಂದ ನೂರಕ್ಕೆ ಬರುವುದರೊಳಗೆ ಸಾವಿರ ವರ್ಷದ ಭಾಷಾಚರಿತ್ರೆಯನ್ನು ಉಚ್ಚರಿಸಿ ಮುಗಿಸಿರುವನು.

ಹನ್ನೆರಡನೆಯ ಶತಮಾನದ ಶಿವಶರಣರು ಮಾತನಾಡಿದುದು ಈ ಸಂಧಿಕಾಲದಲ್ಲಿ. ಇಂದು ವಚನಗಳನ್ನು ಓದುವವರು ಹಾಲು, ಹೂವು, ಹೇಳು ಎಂದು ಹಕಾರದಿಂದಲೇ ಓದುವರು, ತಾಳೆಗರಿಗಳಲ್ಲಿರುವುದೂ ಹಾಗೆಯೇ. ಆದರೆ ಆ ಗರಿಗಳು ಹದಿನೈದನೆಯ ಶತಮಾನದವೂ ಅಲ್ಲಿಂದೀಚಿನವೂ ಆಗಿವೆ. ಶರಣರ ಕಾಲದ ಶಾಸನಗಳಲ್ಲಿ ಪಕಾರವೇ ಹೆಚ್ಚಾಗಿಯೂ ಹಕಾರವು ಅಲ್ಲಲ್ಲಿಯೂ ಕಾಣುವುದು. ಶಾಸನದ ಬರವಣಿಗೆಯು ಹಿರಿಯರ ಮರ್ಯಾದೆಯನ್ನು ಅನುಸರಿಸುವುದು, ಜನರ ಬಾಯಿಯು ಅದಕ್ಕಿಂತ ಮುಂದೆ ನಡೆಯುವುದು. ಆದಕಾರಣ ಕಲ್ಯಾಣದ ಬೀದಿಯಲ್ಲಿ ಕಾಯಕದವರು ಆಡುತ್ತಿದ್ದ ಮಾತಿನಲ್ಲಿ ಹಕಾರವು ಕಲ್ಲಿನ ಮೇಲಿರುವುದಕ್ಕಿಂತ ಹೆಚ್ಚಾಗಿಯೇ ಇದ್ದಿರಬೇಕೆಂದು ಊಹಿಸುವುದು ತಪ್ಪಾಗಲಾರದು.

ಈಗ ದೇವನೂರಿಗೆ ಬರಬಹುದು. ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ಸೇರಿದ ಈ ಸೀಮೆಯ ಹಳ್ಳಿಗಳಲ್ಲಿ ಹಾಲಿಗೆ ಆಲೆಂದೂ, ಹೂವಿಗೆ ಊವೆಂದೂ, ಹೋಗು ಎಂಬುದಕ್ಕೆ ಓಗು ಎಂದೂ, ಹತ್ತಕ್ಕೆ ಅತ್ತೆಂದೂ ಆಡುವುದು ವಾಡಿಕೆ. ಓದುಬರೆಹ ಬಲ್ಲವರು ಇದನ್ನು ಕೇಳಿ ಮುಗುಳುನಗುವರು. ಪಟ್ಟಣದ ಶಾಲೆಗೆ ಸೇರಿದ ಹಳ್ಳಿಯ ಹುಡುಗನು ಇದರಿಂದಾಗಿ ಅನುಭವಿಸಿರುವ ಅವಮಾನವು ಸಾಮಾನ್ಯವಾದುದಲ್ಲ. ಅವನ ನಾಲಗೆ ಹೊರಳದು, ಅವನು ಅಸಂಸ್ಕೃತನು, ಅವನಿಗೆ ವಿದ್ಯೆ ಹತ್ತದು ಎಂಬ ತೀರ್ಪು ಅವನು ಬಾಯಿ ತೆರೆದ ಮೊದಲನೆಯ ದಿನವೇ ಆಗಿಹೋಗುವುದುಂಟು. ಹೆದರಿದ ಹುಡುಗನು ಹಕಾರವಿಲ್ಲದ ಕಡೆಯೂ ಹಕಾರವನ್ನು ತುರುಕಿ, ಅಕ್ಕಿಯನ್ನು ಹಕ್ಕಿಯೆಂದು ಹೇಳಿ, ಎರಡನೆಯ ಸಲ ನಗೆಗೀಡಾಗುವನು. ಆ ತೀರ್ಪಿಗೆ ಆಧಾರವಾದರೂ ಯಾವುದು? ಹಾಲೆಂಬುದು ಶುದ್ಧ, ಆಲೆಂಬುದು ಅಪಭ್ರಂಶ ಎಂಬುದಾದರೆ, ಪಂಪನ ಕಾಲದ ವಿದ್ವಾಂಸನೊಬ್ಬನು ಇಂದು ಎದ್ದುಬಂದು ಹಾಲೆನ್ನುವವನನ್ನೇ ನೋಡಿ, ಇವನಿಗೆ ತುಟಿಗಳನ್ನು ಕೂಡಿಸಿ ಪಾಲೆನ್ನಲು ಬಾರದೆಂದು ನಕ್ಕರೆ ಉತ್ತರವೇನು? ಪಾಲಿನ ತುಟಿ ಸಡಿಲಿ ಹಾಲಾಯಿತು. ಹಾಲಿನ ಉಸಿರು ಸಡಿಲಿ ಆಲಾಯಿತು. ಮೊದಲನೆಯ ಹೆಜ್ಜೆಯನ್ನು ಇಟ್ಟವರು ಎರಡನೆಯ ಹೆಜ್ಜೆಯನ್ನು ಇಟ್ಟವರನ್ನು ಹಂಗಿಸುವುದಕ್ಕೆ ವ್ಯಾಕರಣದಲ್ಲಿ ಯಾವ ಅಧಿಕಾರವೂ ಇಲ್ಲ. ದೇವನೂರಿನ ಒಕ್ಕಲಿಗನ ನಾಲಗೆಯು ದಾರಿತಪ್ಪಿದುದಲ್ಲ. ಅದೇ ದಾರಿಯಲ್ಲಿ ಒಂದು ಹರದಾರಿ ಮುಂದೆ ಹೋದುದು.

ಈ ಬಗೆಯ ನಡಿಗೆಯು ಕನ್ನಡಕ್ಕೆ ಮಾತ್ರ ಸೇರಿದುದೂ ಅಲ್ಲ. ಲ್ಯಾಟಿನ್ ಭಾಷೆಯಲ್ಲಿ ಹಿಟ್ಟಿಗೆ ಫರೀನಾ ಎಂಬ ಹೆಸರಿದ್ದಿತು. ಅದರ ಸಂತತಿಯಾದ ಸ್ಪ್ಯಾನಿಷಿನಲ್ಲಿ ತುಟಿಯ ಫಕಾರವು ಹಕಾರವಾಗಿ, ಆ ಹಕಾರವೂ ಬಾಯಿಂದ ಅಳಿದು, ಈಗ ಅರೀನಾ ಎಂದು ಆಡುವರು. ಬರೆಯುವಾಗ ಮಾತ್ರ ಹಕಾರದ ಅಕ್ಷರವನ್ನು ಬಿಡದೆ ಬರೆಯುವರು. ಅಲ್ಲಿ ದೊರೆಯೂ ಪಂಡಿತನೂ ಆಳೂ ಒಂದೇ ಸಮನಾಗಿ ಹಕಾರವನ್ನು ಬಿಟ್ಟುದರಿಂದ ಯಾರೂ ಯಾರನ್ನೂ ನಗುವಂತಿಲ್ಲ. ಲಂಡನ್ನಿನಲ್ಲಾದರೋ ಹಕಾರವನ್ನು ಬಿಟ್ಟವರು ಕೂಲಿಕಾರರೂ ಬೀದಿಯ ವ್ಯಾಪಾರಿಗಳೂ ಆದುದರಿಂದ ಅದು ಕಾಕ್ನಿ ಎಂಬ ನಿಂದೆಗೆ ಗುರಿಯಾಯಿತು. ಧ್ವನಿಯ ಬದಲಾವಣೆಯು ಎರಡು ಕಡೆಯೂ ಒಂದೇ. ಬೇರೆಯಾದುದು ಆಡುವವನ ಅಂತಸ್ತು. ಅಂತಸ್ತಿನ ವಿಚಾರವನ್ನು ಧ್ವನಿಯ ವಿಚಾರವೆಂದು ತಿಳಿಯುವುದು ಮೈಸೂರಿನಲ್ಲಿಯೂ ಲಂಡನ್ನಿನಲ್ಲಿಯೂ ಸಮಾನವಾದ ಭ್ರಾಂತಿ.

ಹಕಾರವು ಹೋದರೆ ಅರ್ಥವು ಕಲಸಿಹೋಗುವುದಿಲ್ಲವೆ ಎಂಬ ಆಕ್ಷೇಪಣೆಗೆ ಸ್ವಲ್ಪ ಬೆಲೆಯುಂಟು. ಹಳಗನ್ನಡದ ಪೇೞ್ ಎಂಬ ಧಾತುವು ತನ್ನ ಮೊದಲಿನ ಪಕಾರವನ್ನೂ ಕಡೆಯ ರಳವನ್ನೂ ಕಳೆದುಕೊಂಡು ಹೇಳು ಎಂದಾಗಿ, ದೇವನೂರು ಸೀಮೆಯಲ್ಲಿ ಏಳು ಎಂದಾಗಿರುವುದು. ಹೀಗಾಗಿ ಅಲ್ಲಿ ಏಳು ಎಂಬುದು ಸಂಖ್ಯೆಯೂ ಹೌದು, ಮೇಲಕ್ಕೆ ಏಳೆಂಬ ಅಪ್ಪಣೆಯೂ ಹೌದು, ಮಾತನ್ನು ಹೇಳೆಂಬ ಕೋರಿಕೆಯೂ ಹೌದು. ಆದರೆ ಯಾವ ತಾಯಿಯೂ ಮಲಗಿದ ಮಗುವನ್ನು ಏಳಪ್ಪ ಎಂದು ಎಬ್ಬಿಸಿದಾಗ ಅದು ಲೆಕ್ಕವೆಂದೋ ಕಥೆ ಹೇಳೆಂದು ಕೇಳಿದುದೆಂದೋ ಮಗುವು ತಿಳಿಯುವುದಿಲ್ಲ. ಬಾೞೂ ಬಾಳೂ ಒಂದಾದ ಮೇಲೆಯೂ ಬದುಕನ್ನು ಕತ್ತಿಯೆಂದು ಭ್ರಮಿಸಿದವರನ್ನು ಯಾರೂ ಕಂಡಿಲ್ಲ. ಸಂದರ್ಭವೆಂಬುದು ಧ್ವನಿಯ ಸಾಲವನ್ನು ತೀರಿಸುತ್ತಲೇ ಇರುವುದು.

ಮಹಾಪ್ರಾಣಗಳ ವಿಷಯವೂ ಇದಕ್ಕೆ ಸಮೀಪದ್ದು. ಧರ್ಮವನ್ನು ದರ್ಮವೆಂದೂ ಶಿವಶರ‍ಣರನ್ನು ಸಿವಸರಣರೆಂದೂ ಹಳ್ಳಿಯ ಭಕ್ತರು ಹೇಳುವುದನ್ನು ಕೇಳಿ ಭಕ್ತಿಯಲ್ಲಿ ಊನವಿದೆಯೆಂದು ಯಾರೂ ಹೇಳಲಾರರು. ಉಚ್ಚಾರಣೆಯಲ್ಲಿ ಊನವಿದೆಯೆಂದು ಹೇಳುವವರುಂಟು. ಅಚ್ಚಗನ್ನಡದಲ್ಲಿ ಮಹಾಪ್ರಾಣವು ಮೊದಲಿಂದಲೂ ಅಪರೂಪ. ಘಂಟೆಯು ಗಂಟೆಯಾದುದೂ ಶಶಿಯು ಸಸಿಯಾದುದೂ ನಿನ್ನೆ ಮೊನ್ನೆಯ ಕೆಡುಕಲ್ಲ. ತದ್ಭವಗಳೆಂಬ ಹೆಸರಿನಿಂದ ಹಳೆಯ ವೈಯಾಕರಣರು ಅಂಥವುಗಳಿಗೆ ಪ್ರಕರಣವನ್ನೇ ಮೀಸಲಿಟ್ಟಿದ್ದಾರೆ. ಶಕಾರ ಷಕಾರಗಳನ್ನು ಕನ್ನಡದ ಎಣಿಕೆಯಿಂದ ಕೇಶಿರಾಜನೇ ಕಳೆದನೆಂಬುದನ್ನು ಮೇಲೆ ಹೇಳಿದೆ. ಆತನ ಲೆಕ್ಕದಂತೆ ನೋಡಿದರೆ ಸಿವನೆಂಬ ನಾಲಗೆಯು ಅಚ್ಚಗನ್ನಡದ ನಾಲಗೆ. ಕೇಶಿರಾಜನಿಗಿಂತ ನಾಲ್ಕು ಶತಮಾನಗಳಷ್ಟು ಹಿಂದೆ, ಸುಮಾರು ಕ್ರಿ. ಶ. 850ರಲ್ಲಿ ಹುಟ್ಟಿದ ಕವಿರಾಜಮಾರ್ಗವೂ ದೇಸಿಗಳು ಬೇರೆಬೇರೆಯಾಗಿರುವುದನ್ನು ಕಂಡು, ಕನ್ನಡವೆಂದು ಏಕವಚನದಲ್ಲಿ ಹೇಳದೆ ಕನ್ನಡಗಳೆಂದು ಬಹುವಚನದಲ್ಲಿಯೇ ಹೇಳಿ, ಅವುಗಳ ದೋಷಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತೆಂದಿದೆ.

ಈ ಸೀಮೆಯನ್ನು ಬಿಟ್ಟುಹೋದವರ ಬಾಯಲ್ಲಿ ಉಳಿದುದನ್ನೂ ಇಲ್ಲಿ ಹೇಳುವುದು ಯುಕ್ತ. ನೀಲಗಿರಿಯ ಬಡಗರು ವಿಜಯನಗರದ ಪತನಾನಂತರದ ಗಲಭೆಯ ದಿನಗಳಲ್ಲಿ ಮೈಸೂರಿನ ದಕ್ಷಿಣದ ಬಯಲಿನಿಂದ, ಅದರಲ್ಲಿಯೂ ನಂಜನಗೂಡಿನ ಆಸುಪಾಸಿನಿಂದ, ಬೆಟ್ಟವನ್ನು ಹತ್ತಿದವರೆಂಬ ಐತಿಹ್ಯವುಂಟು. ಬಡಗು ದಿಕ್ಕಿನಿಂದ ಬಂದವರೆಂಬುದರಿಂದಲೇ ಆ ಹೆಸರು. ಅವರಲ್ಲಿ ಒಡೆಯರೆಂಬ ಪಂಗಡವು ಲಿಂಗಾಯತರದು. ಅವರ ನುಡಿಯನ್ನು ಪರೀಕ್ಷಿಸಿದ ಅಮೆರಿಕೆಯ ಎಂ. ಬಿ. ಎಮೆನೋ ಎಂಬ ಪಂಡಿತರು 1939ರಲ್ಲಿ ವಿಸ್ಮಯಕರವಾದ ಸಂಗತಿಯೊಂದನ್ನು ಪ್ರಕಟಿಸಿದರು. ಬಡಗರಲ್ಲಿ ನಾಲಗೆಯನ್ನು ಹಿಂದಕ್ಕೆ ಮಡಿಸುವ ಳಕಾರಾದಿಗಳು ಹಲವೆಡೆ ಲುಪ್ತವಾದರೂ ಆ ಮಡಿಸುವಿಕೆಯು ಲುಪ್ತವಾಗಲಿಲ್ಲ. ಅದು ಪಕ್ಕದ ಸ್ವರಕ್ಕೆ ಸೇರಿಕೊಂಡಿತು. ನಾಲಗೆಯನ್ನು ನೇರವಾಗಿಟ್ಟು ಬೆ ಎಂದರೆ ಬಾಯಿ. ಅರ್ಧ ಮಡಿಸಿ ಅದನ್ನೇ ಹೇಳಿದರೆ ಬಳೆ. ಪೂರ್ಣವಾಗಿ ಮಡಿಸಿ ಹೇಳಿದರೆ ಬೆಳೆ. ಒಂದೇ ಸ್ವರಕ್ಕೆ ಹೀಗೆ ಮೂರು ಮಡಿಕೆಗಳಿರುವ ಭಾಷೆಯು ಪ್ರಪಂಚದಲ್ಲಿಯೇ ಅತ್ಯಂತ ವಿರಳ. ವ್ಯಂಜನವು ಹೋದರೂ ಅದರ ನೆರಳು ಸ್ವರದ ಮೇಲೆ ನಿಂತಿತು. ಹಕಾರವನ್ನಾದರೋ ಬಡಗರು ಬಿಡಲಿಲ್ಲ. ಅವರ ಕುಲದೇವತೆಯಾದ ಹೆತ್ತೆಯ ಹೆಸರಿನಲ್ಲಿಯೇ ಅದು ನಿಂತಿದೆ. ಬೆಟ್ಟದವರು ಹಕಾರವನ್ನು ಕಾಪಾಡಿ ಳಕಾರವನ್ನು ಕಳೆದರು. ಬಯಲಿನವರು ಳಕಾರವನ್ನು ಕಾಪಾಡಿ ಹಕಾರವನ್ನು ಕಳೆದರು. ಈಚಿನ ತಲೆಮಾರಿನ ಬಡಗರಲ್ಲಿ ಆ ಮೂರು ಮಡಿಕೆಗಳ ಭೇದವು ಬಹುಮಟ್ಟಿಗೆ ಕುಗ್ಗಿರುವುದೆಂದು ತರುವಾಯದ ಪರೀಕ್ಷಕರು ಬರೆದಿದ್ದಾರೆ.

ಬಯಲಿನ ಮಾತಿಗೂ ಬರೆದಿಡುವವರು ದೊರೆತರು. ಮೈಸೂರು ವಿಶ್ವವಿದ್ಯಾನಿಲಯವು 1941ರಲ್ಲಿ ಪ್ರಕಟಿಸಿದ ಎ. ಎನ್. ನರಸಿಂಹಯ್ಯನವರ ಗ್ರಂಥವು ಪ್ರಾಚೀನತಮ ಕನ್ನಡ ಶಾಸನಗಳ ಧ್ವನಿಗಳನ್ನು ಹೊಸ ಶಾಸ್ತ್ರದ ಕ್ರಮದಿಂದ ವಿವೇಚಿಸಿತು. ಶಾಸನದ ಕನ್ನಡಕ್ಕೆ ದೊರೆತ ಆ ಮರ್ಯಾದೆಯು ನಂಜನಗೂಡಿನ ಬೇಸಾಯಗಾರರ ಕನ್ನಡಕ್ಕೆ ದೊರೆಯಲು ಇನ್ನೂ ಕಾಲು ಶತಮಾನ ಹಿಡಿಯಿತು. 1968ರಲ್ಲಿ ಪುಣೆಯ ಡೆಕ್ಕನ್ ಕಾಲೇಜು ಯು. ಪದ್ಮನಾಭ ಉಪಾಧ್ಯಾಯರು ನಂಜನಗೂಡಿನ ಒಕ್ಕಲಿಗರ ಕನ್ನಡವನ್ನು ಕುರಿತು ಬರೆದ ಗ್ರಂಥವನ್ನು ಅಚ್ಚುಹಾಕಿಸಿತು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ನಾಲಗೆ ತೊದಲುವವರಿಗೂ ಕಿವಿ ಕೇಳದವರಿಗೂ ಚಿಕಿತ್ಸೆಯನ್ನು ಕೊಡುತ್ತ ಬಂದಿದೆ. ಕೇಶಿರಾಜನು ಕಹಳೆಯಿಂದ ಊಹಿಸಿದುದನ್ನು ಈಗಿನವರು ಯಂತ್ರಗಳ ತೆರೆಯ ಮೇಲೆ ಗೆರೆಗೆರೆಯಾಗಿ ಕಾಣುವರು. ಅಂಥ ಚಿಕಿತ್ಸಕರಿಗೂ ರೋಗವಾವುದು, ಸೀಮೆಯ ಮಾತಾವುದು ಎಂಬ ವಿವೇಚನೆಯು ಮೊದಲನೆಯ ಪಾಠ. ಹಾಲನ್ನು ಆಲೆನ್ನುವ ಮಗುವಿಗೆ ಮದ್ದು ಬೇಕಿಲ್ಲ.

1984ರಲ್ಲಿ ದೇವನೂರಿನವರೇ ಆದ ದೇವನೂರ ಮಹಾದೇವ ಅವರು ಕುಸುಮಬಾಲೆ ಎಂಬ ಕೃತಿಯನ್ನು ಆ ಸೀಮೆಯ ಆಡುಮಾತಿನಲ್ಲಿಯೇ ಬರೆದು ಅಚ್ಚಿಗೆ ಕೊಟ್ಟರು. ಪಟ್ಟಣದ ಓದುಗರು ಮೊದಲು ತಡವರಿಸಿದರು. ಕಣ್ಣಿನಿಂದ ಓದಿದಾಗ ತೊಡಕಾದ ಸಾಲನ್ನು ಬಾಯಿ ಬಿಟ್ಟು ಓದಿದಾಗ ಅರ್ಥವಾಯಿತೆಂದು ಹೇಳಿದವರುಂಟು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ಶಾಲೆಯಲ್ಲಿ ತಪ್ಪೆನಿಸಿಕೊಂಡಿದ್ದ ಉಚ್ಚಾರಣೆಯು ಹೀಗೆ ಗ್ರಂಥಸ್ಥವಾಯಿತು. ಆ ಸೀಮೆಯ ಮಕ್ಕಳು ಉಪಾಧ್ಯಾಯರ ಮುಂದೆ ಪಾಠವನ್ನೊಪ್ಪಿಸುವಾಗ ಹಾಲೆಂದೂ, ಮನೆಗೆ ಬಂದು ತಾಯಿಯನ್ನು ಕೇಳುವಾಗ ಆಲೆಂದೂ ಹೇಳುವುದು ಇಂದಿಗೂ ನಡೆದಿರುವುದು.